ಗುಜರಿಗೆ ಬಿದ್ದ ಮೋಟಾರು

ಮನುಷ್ಯನ ಮರಣವನ್ನು ವೈದ್ಯ ಸಾರುತ್ತಾನೆ. ಮೋಟಾರಿನ ಮರಣವನ್ನು ಸಾರುವವನು ಲೆಕ್ಕಿಗ. ಅಪಘಾತದಲ್ಲಿ ಜಖಂಗೊಂಡ ಕಾರನ್ನು ನೋಡಲು ಬರುವ ವಿಮಾ ಸರ್ವೇಯರನ ಮುಂದಿರುವ ಪ್ರಶ್ನೆ ಅದು ಮತ್ತೆ ಓಡೀತೇ ಎಂಬುದಲ್ಲ, ಓಡಿಸಲು ಎಷ್ಟು ಹಣ ಬೇಕು ಎಂಬುದು. ದುರಸ್ತಿಯ ಖರ್ಚು ವಿಮೆಯಲ್ಲಿ ನಮೂದಾದ ಬೆಲೆಯ ನೂರಕ್ಕೆ 75 ಭಾಗವನ್ನು ಮೀರಿದರೆ ನಮ್ಮಲ್ಲಿ ಅದು ‘ಪೂರ್ಣ ನಷ್ಟ’. ಕಾರಿಗೆ ಐದು ವರ್ಷ ತುಂಬುವ ಹೊತ್ತಿಗೆ ಆ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿಂದಾಚೆಗೆ ವಿಮೆಯವರೂ ಒಡೆಯನೂ ಒಪ್ಪಿಕೊಂಡದ್ದೇ ಬೆಲೆ. ಹೀಗಾಗಿ ಅರವತ್ತು ವರ್ಷದ ಕಾರಿನ ಒಡೆಯನು ತಕ್ಕ ಬೆಲೆಯನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಹೋದರೆ, ಒಂದು ಮಡ್‌ಗಾರ್ಡು ನುಗ್ಗಾಗಿ ಮುಂದಿನ ಅಚ್ಚು ಬಾಗಿದರೂ ಸಾಕು, ಲೆಕ್ಕದ ಪುಸ್ತಕದಲ್ಲಿ ಅದು ಸತ್ತಂತೆ. ಕಬ್ಬಿಣ ಗಟ್ಟಿಯಾಗಿಯೇ ಇರುತ್ತದೆ. ಕರಗಿ ಹೋದದ್ದು ಅಂಕಿ.

ಈ ಲೆಕ್ಕ ನಮ್ಮ ಸೀಮೆಗೆ ತಡವಾಗಿ ಬಂದದ್ದು. ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿರುವ ಕಡಗಂಚಿಯನ್ನು ಇಂದಿನವರು 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಗುರುತಿಸುತ್ತಾರೆ. 1948ರವರೆಗೆ ಈ ನೆಲ ನಿಜಾಮರ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ ಅತಿ ಪ್ರಸಿದ್ಧ ಮೋಟಾರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಬಯಸಿ ತರಿಸಿದ, ಅವರು 1911ರಲ್ಲಿ ತೀರಿಕೊಂಡದ್ದರಿಂದ ಮಗನ ಪಾಲಿಗೆ ಬಂದ 1912ರ ರೋಲ್ಸ್‌ರಾಯ್ಸ್. ಸಿಂಹಾಸನದಂಥ ಆಸನವುಳ್ಳ ಆ ಹಳದಿ ಬಂಡಿ ತನ್ನ ಆಯುಷ್ಯದಲ್ಲಿ ಓಡಿದ್ದು ಕೆಲವೇ ನೂರು ಮೈಲಿ. ಈಗ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಓಡದ ಬಂಡಿಗೆ ಅಪಘಾತದ ಭಯವಿಲ್ಲ. ನಮ್ಮ ಕುತೂಹಲವಿರುವುದು ಕಪ್ಪು ಮಣ್ಣಿನ ದಾರಿಯಲ್ಲಿ ಓಡಿ, ಹಳ್ಳದಲ್ಲಿ ಉರುಳಿ, ಮರಕ್ಕೆ ಬಡಿದ ಸಾಮಾನ್ಯ ಬಂಡಿಗಳಲ್ಲಿ.

ಅವುಗಳ ಕತೆಯನ್ನು ನಿರ್ಧರಿಸಿದ್ದು ಅಭಾವ. ಜನರಲ್ ಮೋಟಾರ್ಸಿನವರು 1928ರಿಂದ ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸುತ್ತಿದ್ದರು; ಫೋರ್ಡ್ ಕಂಪನಿಯೂ ಬಂದಿತ್ತು. ಕೇವಲ ಜೋಡಿಸುವವರಿಗೆ ಇಲ್ಲಿ ಎಡೆಯಿಲ್ಲ, ಬಿಡಿಭಾಗಗಳನ್ನು ಈ ದೇಶದಲ್ಲೇ ತಯಾರಿಸಬೇಕು ಎಂಬ ನೀತಿ 1953ರಲ್ಲಿ ಗಟ್ಟಿಯಾದ ಮೇಲೆ ಎರಡೂ ಕಂಪನಿಗಳು ಬಾಗಿಲು ಹಾಕಿದವು. ಮುಂದೆ ಹಲವು ದಶಕಗಳ ಕಾಲ ಹೊರದೇಶದ ಕಾರು ಬರುವುದು ದುರ್ಲಭವಾಯಿತು, ಅದರ ಬಿಡಿಭಾಗ ಇನ್ನೂ ದುರ್ಲಭ. ಇಂಥ ದೇಶದಲ್ಲಿ ಜಖಂಗೊಂಡ ಶೆವ್ರೊಲೆಯನ್ನು ‘ಪೂರ್ಣ ನಷ್ಟ’ವೆಂದು ಎಸೆಯುವ ಮಾತೆಲ್ಲಿ? ಬಾಗಿದ ಚೌಕಟ್ಟನ್ನು ಕಾಯಿಸಿ ನೆಟ್ಟಗೆ ಮಾಡುತ್ತಿದ್ದರು. ತಗಡನ್ನು ಮರದ ಸುತ್ತಿಗೆಯಿಂದ ಬಡಿದು ಮೊದಲಿನ ಮೈಕಟ್ಟಿಗೆ ತರುತ್ತಿದ್ದರು. ಎಂಜಿನು ಕೈಕೊಟ್ಟರೆ ಪರ್ಕಿನ್ಸ್ ಡೀಸೆಲ್ ಎಂಜಿನು ಬಂದು ಕೂರುತ್ತಿತ್ತು. ಮುಂಬಯಿಯ ಬೀದಿಗಳಲ್ಲಿ ಅಮೆರಿಕದ ಡಾಜ್, ಪ್ಲಿಮತ್ ಕಾರುಗಳು ಟ್ಯಾಕ್ಸಿಗಳಾಗಿ ಬಹುಕಾಲ ಬದುಕಿದ್ದು ಹೀಗೆ.

ಮೇಲೇಳಲಾರದಷ್ಟು ಮುರಿದದ್ದು ಗುಜರಿಗೆ ಹೋಗುತ್ತಿತ್ತು. ಗುಜರಿ ಎಂದರೆ ನಾಶವೆಂದು ತಿಳಿಯುವುದು ಪಟ್ಟಣಿಗರ ಭ್ರಮೆ. ಬೆಂಗಳೂರಿನ ಶಿವಾಜಿನಗರ, ಮದರಾಸಿನ ಪುದುಪೇಟೆ, ಮುಂಬಯಿಯ ಚೋರ್ ಬಜಾರುಗಳಲ್ಲಿ ಒಂದು ಕಾರು ಬಿಚ್ಚಿಕೊಂಡು ಹತ್ತಾರು ಕಾರುಗಳೊಳಗೆ ಸೇರಿಹೋಗುತ್ತಿತ್ತು. ಹಳ್ಳಿಗಾಡಿನಲ್ಲಿ ಹಂಚಿಕೆ ಇನ್ನೂ ವಿಶಾಲ. ಗಾಲಿ ಮತ್ತು ಅಚ್ಚು ಎತ್ತಿನ ಗಾಡಿಗೆ ಬಂದವು. ಮರದ ಗಾಲಿಯ ಜಾಗದಲ್ಲಿ ಟೈರಿನ ಗಾಡಿಗಳು ಓಡಾಡಿದ್ದಕ್ಕೆ ಒಡೆದ ಮೋಟಾರುಗಳ ಋಣವೂ ಉಂಟು. ಟೈರು ಸವೆದರೆ ಚಪ್ಪಲಿ. ಕಮಾನುಪಟ್ಟಿಗಳನ್ನು ಕಮ್ಮಾರರು ಬಿಡುವುದೇ ಇಲ್ಲ, ಏಕೆಂದರೆ ಅಷ್ಟು ಒಳ್ಳೆಯ ಉಕ್ಕು ಬೇರೆಲ್ಲೂ ಅಗ್ಗವಾಗಿ ದೊರೆಯದು. ಕುಲುಮೆಯಲ್ಲಿ ಕಾದು ಅದು ಕುಡಗೋಲಾಗುತ್ತದೆ, ಕೊಡಲಿಯಾಗುತ್ತದೆ. ಅಮೆರಿಕದ ಕಾರ್ಖಾನೆಯಲ್ಲಿ ಹದಗೊಂಡ ಉಕ್ಕು ಜೋಳದ ಹೊಲಕ್ಕೆ ಇಳಿಯುವುದನ್ನು ನಾನು ಅವನತಿ ಎನ್ನಲಾರೆ.

ಆದರೆ ಹೀಗೆ ಹಂಚಿಹೋದ ಕಾರು ಎಲ್ಲಿದೆ? ಅರ್ಧ ಉಳಿದು ಅರ್ಧ ಬದಲಾದ ಕಾರು ಅದೇ ಕಾರೇ? ಇದು ತತ್ತ್ವಶಾಸ್ತ್ರದ ಚಮತ್ಕಾರದ ಪ್ರಶ್ನೆಯಾಗಿ ಉಳಿಯದೆ ಲಂಡನ್ನಿನ ಹೈಕೋರ್ಟಿಗೆ ಬಂದದ್ದುಂಟು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದ ಬೆಂಟ್ಲಿ ಕಾರೊಂದಕ್ಕೆ ‘ಓಲ್ಡ್ ನಂಬರ್ ಒನ್’ ಎಂದು ಹೆಸರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಅದು ಓಡುದಾರಿಯ ಅಂಚನ್ನು ದಾಟಿ ಉರುಳಿತು. ಚಾಲಕ ಕ್ಲೈವ್ ಡನ್‌ಫೀ ಮಡಿದ. ಜಖಂಗೊಂಡ ಕಾರಿಗೆ ಬೇರೆ ಮೈಕಟ್ಟು ಬಂತು. ದಶಕಗಳ ಬಳಿಕ ಅದು ಒಂದು ಕೋಟಿ ಪೌಂಡಿಗೆ ಮಾರಾಟಕ್ಕೆ ಗೊತ್ತಾದಾಗ, ಇದರಲ್ಲಿ ಗೆದ್ದ ಕಾರಿನ ಅಂಶವೆಷ್ಟಿದೆ ಎಂದು ಕೊಳ್ಳುವವರು ತಕರಾರೆತ್ತಿದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ಅವರು, ಮೂಲದ ಲೋಹ ಅತ್ಯಲ್ಪವೇ ಉಳಿದಿದ್ದರೂ ಇದರ ಚರಿತ್ರೆಯ ಎಳೆ ಎಲ್ಲಿಯೂ ಹರಿದಿಲ್ಲ, ಆದ್ದರಿಂದ ಇದು ಆ ಕಾರೇ ಹೌದು ಎಂದು ತೀರ್ಪಿತ್ತರು.

ಕಡಗಂಚಿಯವರಿಗೆ ಈ ತೀರ್ಪು ವಿಚಿತ್ರವೆನಿಸಲಾರದು. ಗುರುಚರಿತ್ರೆಯ ಸಾಯಂದೇವ ಈ ಊರಿನವನು. ಅವನ ವಂಶದ ಸರಸ್ವತಿ ಗಂಗಾಧರನೇ ಆ ಮರಾಠಿ ಗ್ರಂಥವನ್ನು ರಚಿಸಿದನೆಂಬುದು ಪರಂಪರೆಯ ಮಾತು. ಹಾಳೆ ಜೀರ್ಣವಾದಂತೆಲ್ಲ ಭಕ್ತರು ಪ್ರತಿ ಮಾಡಿಕೊಂಡರು, ಗ್ರಂಥ ಬೇರೆಯಾಗಲಿಲ್ಲ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಒಂದು ಗ್ರಂಥಕ್ಕೆ ನೂರು ಪ್ರತಿಗಳಾದರೆ ಪುಣ್ಯ. ಒಂದು ಕಾರಿಗೆ ಎರಡು ಪ್ರತಿಗಳಾದರೆ ವಂಚನೆ. ಸತ್ತ ಕಾರಿನ ಸಂಖ್ಯಾಫಲಕವನ್ನು ಕಿತ್ತು ಇನ್ನೊಂದರ ಚೌಕಟ್ಟಿಗೆ ಬಡಿಯುವುದು ಎಲ್ಲ ದೇಶಗಳ ಹಳೆಯ ಕಸುಬು. ಇದನ್ನು ತಡೆಯಲೆಂದೇ ಬ್ರಿಟನ್ನಿನ ನೋಂದಣಿ ಕಚೇರಿ ಮಾರ್ಪಟ್ಟ ಕಾರುಗಳಿಗೆ ಅಂಕಗಳನ್ನು ಕೊಡುವ ಪದ್ಧತಿಯೊಂದನ್ನು ಹೂಡಿತು: ಮೂಲ ಚೌಕಟ್ಟು, ಅಂದರೆ ಚಾಸಿ, ಉಳಿದಿದ್ದರೆ 5 ಅಂಕ, ಅಚ್ಚುಗಳಿಗೆ 2, ಸ್ಟಿಯರಿಂಗಿಗೆ 2, ಎಂಟು ಅಂಕ ಬಂದರೆ ಹಳೆಯ ಹೆಸರು ಉಳಿಯುತ್ತಿತ್ತು. ನಾವು ಹೃದಯವೆಂದು ಹೊಗಳುವ ಎಂಜಿನಿಗೆ ಸಿಕ್ಕದ್ದು ಒಂದೇ ಅಂಕ!

ನಮ್ಮಲ್ಲಿ ಕಾಯಿದೆ ಹಳೆಯ ಮೋಟಾರನ್ನು ಹಳೆಯದೆಂದು ಗೌರವಿಸತೊಡಗಿದ್ದು 2021ರಲ್ಲಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ ದೊರೆಯುತ್ತದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಸ್ವಾಗತಾರ್ಹವೇ. ಆದರೆ ಅದರಲ್ಲೊಂದು ಮುಳ್ಳಿದೆ: ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಮೈಕಟ್ಟು, ಎಂಜಿನುಗಳಲ್ಲಿ ಮಾರ್ಪಾಟಾಗಿರಬಾರದು. ಅಭಾವದ ಕಾಲದಲ್ಲಿ ಡೀಸೆಲ್ ಎಂಜಿನು ಹೊತ್ತು ಬದುಕಿದ ಕಾರು, ಅಪಘಾತದ ಬಳಿಕ ಬೇರೊಂದರ ಚೌಕಟ್ಟಿನ ಮೇಲೆ ನಿಂತ ಕಾರು, ಇವು ಈ ಗೌರವಕ್ಕೆ ಹೊರಗು. ಅರಮನೆಯಲ್ಲಿ ಮುಸುಕು ಹೊದ್ದು ಮಲಗಿದ್ದ ಕಾರಿಗೆ ಮನ್ನಣೆ, ದುಡಿದು ಗಾಯಗೊಂಡದ್ದಕ್ಕೆ ಇಲ್ಲ. ನಮ್ಮ ದೇಶದ ಮೋಟಾರುಗಳ ನಿಜವಾದ ಚರಿತ್ರೆ ಆ ಗಾಯಗಳಲ್ಲೇ ಇದೆಯೆಂದು ನನ್ನ ಎಣಿಕೆ.

ನಮ್ಮ ಸೀಮೆಗೆ ಇನ್ನೊಂದು ತೊಡಕು ಕಾಗದದ್ದು. ಇಲ್ಲಿಯ ಹಳೆಯ ಕಾರು ಹೈದರಾಬಾದು ರಾಜ್ಯದಲ್ಲಿ ಹುಟ್ಟಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದು, 1973ರಲ್ಲಿ ಕರ್ನಾಟಕದ್ದಾಯಿತು. ಮೊದಲ ನೋಂದಣಿಯ ಕಾಗದ ಕಳೆದರೆ ಅದರ ವಯಸ್ಸಿಗೆ ಸಾಕ್ಷಿ ಉಳಿಯುವುದು ಚಾಸಿಯ ಮೇಲೆ ಕೊರೆದ ಸಂಖ್ಯೆ ಮಾತ್ರ. 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮಿನಂತೆ, ವಾಹನ ಶಾಶ್ವತವಾಗಿ ನಿರುಪಯುಕ್ತವಾದರೆ ಒಡೆಯನು 14 ದಿನಗಳೊಳಗೆ ಅಧಿಕಾರಿಗೆ ತಿಳಿಸಬೇಕು; ನೋಂದಣಿ ರದ್ದಾಗುತ್ತದೆ. 2021ರ ನಿಯಮಗಳ ಪ್ರಕಾರ ಅಧಿಕೃತ ಗುಜರಿ ಕೇಂದ್ರದವರು ಆ ಸಂಖ್ಯೆಯಿರುವ ಲೋಹದ ತುಂಡನ್ನು ಕತ್ತರಿಸಿ ಆರು ತಿಂಗಳು ಜೋಪಾನವಾಗಿಡಬೇಕು. ಉಳಿದ ಕಬ್ಬಿಣ ಅಷ್ಟರಲ್ಲಿ ಕುಲುಮೆಗೆ ಹೋಗಿರುತ್ತದೆ.