ವೇಳಾಪಟ್ಟಿ

ಸಂಸ್ಕೃತದ ‘ವೇಲಾ’ ಶಬ್ದಕ್ಕೆ ಎಲ್ಲೆ, ಕಡಲ ದಡ, ಉಬ್ಬರ ಎಂಬ ಅರ್ಥಗಳೊಡನೆ ಕಾಲವೆಂಬ ಅರ್ಥವೂ ಉಂಟು. ಅದೇ ಕನ್ನಡದಲ್ಲಿ ‘ವೇಳೆ’ಯಾಗಿ, ‘ಒಂದು ವೇಳೆ’ ಎಂಬಲ್ಲಿ ಸಂದೇಹವನ್ನೂ ಸೂಚಿಸತೊಡಗಿದುದು ವಿನೋದಕರವಾದ ಸಂಗತಿ. ‘ಪಟ್ಟಿ’ಯಾದರೋ ‘ಪಟ್ಟಿಕಾ’ ಶಬ್ದದ ತದ್ಭವ; ಬಟ್ಟೆಯ ಉದ್ದನೆಯ ತುಂಡಿಗೂ ಸಲ್ಲುವ ಮಾತು.

ವೇದಾವತಿಯ ತೀರದ ರಾರಾವಿಯಲ್ಲಿ ‘ಬಸ್ಸಿನ ಟೈಮು’ ಎಂದರೆ ಸಾಕು, ‘ವೇಳಾಪಟ್ಟಿ’ಯೆಂಬ ಪೂರ್ಣಪದದ ಗೌರವ ಯಾರಿಗೂ ಬೇಕಿಲ್ಲ. ವಿಮಾನದ ವಿಷಯಕ್ಕೆ ಬಂದರೆ ಎಲ್ಲೆಯೆಂಬ ಮೂಲಾರ್ಥವೇ ಮರಳಿ ಜೀವ ತಳೆಯುತ್ತದೆ. ವಿಮಾನಸಂಸ್ಥೆಯನ್ನು ನಡೆಸುವ ಆನ್‌ಲೈನ್ ಆಟದಲ್ಲಿ ತೊಡಗಿದ ಅದೇ ಊರಿನ ತರುಣನೊಬ್ಬನು, ತನ್ನ ಜಿಲ್ಲೆಯದೇ ಆದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ಹೈದರಾಬಾದಿಗೆ ಹಾರಾಟವನ್ನು ಯೋಜಿಸುವಾಗ, ಆಕಾಶದಲ್ಲಿ ಕಳೆಯುವ ಅವಧಿಯನ್ನಷ್ಟೇ ಎಣಿಸಿದರೆ ಸಾಲದು; ಜನರನ್ನಿಳಿಸಿ, ಇಂಧನ ತುಂಬಿ, ಮತ್ತೆ ಹೊರಡುವ ನಡುವಣ ಬಿಡುವನ್ನೂ, ವಿಮಾನವು ಹಿಂದಿನ ಪಯಣವನ್ನು ಮುಗಿಸಿದ ಊರಿನಿಂದಲೇ ಮುಂದಿನದನ್ನು ಆರಂಭಿಸಬೇಕೆಂಬ ಸರಳವಾದರೂ ನಿರ್ದಯವಾದ ನಿಯಮವನ್ನೂ ಗಮನಿಸತಕ್ಕದ್ದು. ನಿಜವಾದ ವಿಮಾನಲೋಕದಲ್ಲಿ ವೇಳಾಪಟ್ಟಿಗಳು ವರ್ಷಕ್ಕೆ ಎರಡು: ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಬೇಸಗೆಯದು, ಅಕ್ಟೋಬರಿನ ಕೊನೆಯ ಭಾನುವಾರದಿಂದ ಚಳಿಗಾಲದ್ದು. ನಮ್ಮ ಮಳೆಗಾಲಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ.