ಭಂಗಿ ಗಿಡಕ್ಕೆ ಎರಡು ನ್ಯಾಯ
ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಮ್ಮ ಸೀಮೆ ಮೈಸೂರು ಸಂಸ್ಥಾನದಲ್ಲಿದ್ದಾಗ ಗಾಂಜಾ ಅಂದರೆ ಅಬಕಾರಿ ವರಮಾನ. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡನ್ನು ಕಿತ್ತುಹಾಕಿದರೆ ಹೆಣ್ಣಿನ ತೆನೆ ಬೀಜ ಕಟ್ಟದೆ ಅಂಟು ತುಂಬಿಕೊಳ್ಳುತ್ತೆ. ಗಾಂಜಾ ಅನ್ನೋದು ಆ ತೆನೆಯನ್ನೇ. ಮಿತವಾಗಿ ಸೇದಿದರೆ ಹೇಳಿಕೊಳ್ಳುವಂಥ ಕೇಡಿಲ್ಲ, ನಿಷೇಧ ಬೇಡ, ತೆರಿಗೆ ಹಾಕಿ ಎಂದಿತು 1893-94ರ ಬ್ರಿಟಿಷ್ ಆಯೋಗ. 1985ರ ಕಾಯ್ದೆ ತೆನೆಯನ್ನು ಅಪರಾಧ ಮಾಡಿ, ಬರೀ ಎಲೆಯನ್ನು ಬಿಟ್ಟಿತು. ಹಾಗಾಗಿ ಉತ್ತರ ಪ್ರದೇಶ, ರಾಜಸ್ಥಾನದಲ್ಲಿ ಎಲೆಯ ಭಾಂಗ್ ಮಾರಲು ಸರ್ಕಾರಿ ಲೈಸೆನ್ಸು. ಇಲ್ಲಿ ರಾಗಿ ಸಾಲಿನ ನಡುವೆ ಒಂದು ಗಿಡ ಬೆಳೆಸಿದವನಿಗೂ ಹತ್ತು ವರ್ಷದವರೆಗೆ ಜೈಲು. ಅಮಲನ್ನು ನಾವು ಹೊಗಳುತ್ತಿಲ್ಲ. ಅದು ಕೇರಿಗಳನ್ನು ತಿಂದದ್ದು ನಮಗೆ ಗೊತ್ತು. ಕೇಳೋದು ಇಷ್ಟೆ: ಖಜಾನೆ ತುಂಬಿದಾಗ ವರಮಾನ, ಬಡವನ ಹೊಲದಲ್ಲಿ ಸಿಕ್ಕಾಗ ಅಪರಾಧ. ಇದ್ಯಾವ ನ್ಯಾಯ?