ಒಂದೇ ಅಚ್ಚು, ಎರಡು ಗಾಲಿ: ತಿರುವಿನಲ್ಲಿ ಸವೆತದ ಕಥೆ

ನಾಲ್ಕು ದಪ್ಪ ಗಾಲಿ, ಮೋಟಾರ್ ಸೈಕಲ್ಲಿನಂಥ ಹ್ಯಾಂಡಲ್ ಇರುವ ಕ್ವಾಡ್ ಬೈಕನ್ನು ನೀವು ಯಾವುದಾದರೂ ಪ್ರವಾಸಿ ತಾಣದಲ್ಲಿ ನೋಡಿರಬಹುದು. ಮರಳು, ಕೆಸರು, ಕಲ್ಲುದಾರಿಗೆ ಅದು ಅಂಜದು. ಆದರೆ ಅದೇ ವಾಹನವನ್ನು ನುಣುಪಾದ ಡಾಂಬರು ರಸ್ತೆಯಲ್ಲಿ ಓಡಿಸಿದರೆ ಬೇಗ ಸವೆಯುತ್ತದೆ. ಒರಟು ನೆಲದಲ್ಲಿ ಬಾಳುವ ಯಂತ್ರ ನಯವಾದ ನೆಲದಲ್ಲಿ ಸವೆಯುವುದೇಕೆ? ಉತ್ತರ ಹುಡುಕಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಗೆ ಬನ್ನಿ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯಲ್ಲಿ ಬಂಡಿ, ರೈಲು, ಟ್ರ್ಯಾಕ್ಟರ್ ಮೂರೂ ಉರುಳಿವೆ.

ಮೊದಲು ಒಂದು ಲೆಕ್ಕ. ವಾಹನ ತಿರುಗುವಾಗ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಸಾಗಬೇಕು. ಎರಡು ಗಾಲಿಗಳ ನಡುವಿನ ಅಂತರ 1 ಮೀಟರ್ ಎಂದುಕೊಳ್ಳಿ. 90 ಡಿಗ್ರಿ ತಿರುವಿನಲ್ಲಿ ಈ ವ್ಯತ್ಯಾಸ ಸುಮಾರು 1.57 ಮೀಟರ್. ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ವ್ಯತ್ಯಾಸ ಅಷ್ಟೇ! ಎರಡು ವೃತ್ತಗಳ ಪರಿಧಿಯ ಸೂತ್ರ ಬರೆದು ನೀವೇ ಪರೀಕ್ಷಿಸಿ.

ಎತ್ತಿನ ಬಂಡಿ ಕಟ್ಟುವ ಬಡಗಿ ಇದಕ್ಕೆ ಸರಳ ಪರಿಹಾರ ಕಂಡುಕೊಂಡಿದ್ದ. ಬಂಡಿಯ ಅಚ್ಚು ತಿರುಗುವುದಿಲ್ಲ. ಅದರ ಎರಡು ತುದಿಗಳಲ್ಲಿ ಗಾಲಿಗಳು ಬೇರೆಬೇರೆಯಾಗಿ ತಿರುಗುತ್ತವೆ. ಆದ್ದರಿಂದ ಹಡಗಲಿಯ ಎರೆಮಣ್ಣಿರಲಿ, ಕೂಡ್ಲಿಗಿಯ ಮಸಾರಿ ಇರಲಿ, ತಿರುವಿನಲ್ಲಿ ತೊಡಕಿಲ್ಲ. ಸವೆತವೆಲ್ಲ ಗಾಲಿಯ ಗುಂಬದಲ್ಲಿ. ಅದಕ್ಕೆ ಕೀಲೆಣ್ಣೆ ಇದೆ.

1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್‌ಗೇಜ್ ರೈಲು ಬಂತು. ರೈಲಿನಲ್ಲಿ ಎರಡೂ ಗಾಲಿಗಳು ಒಂದೇ ಅಚ್ಚಿಗೆ ಬಿಗಿದಿರುತ್ತವೆ. ಒಂದು ತಿರುಗಿದಷ್ಟೇ ಇನ್ನೊಂದೂ ತಿರುಗಬೇಕು. ಹಾಗಾದರೆ 1.57 ಮೀಟರಿನ ಲೆಕ್ಕ ಸರಿಹೋಗುವುದು ಹೇಗೆ? ರೈಲು ಗಾಲಿಯ ಅಂಚು ಶಂಕುವಿನಂತೆ ಓರೆಯಾಗಿದೆ. ತಿರುವಿನಲ್ಲಿ ಜೋಡಿ ಗಾಲಿ ಹೊರಕ್ಕೆ ಸರಿಯುತ್ತದೆ. ಆಗ ಹೊರಗಿನ ಗಾಲಿ ತನ್ನ ದೊಡ್ಡ ವ್ಯಾಸದ ಮೇಲೂ ಒಳಗಿನದು ಚಿಕ್ಕ ವ್ಯಾಸದ ಮೇಲೂ ಉರುಳುತ್ತದೆ. ತಿರುವು ತೀರ ಬಿಗಿಯಾದರೆ ಇದೂ ಸಾಲದು. ಗಾಲಿ ಜಾರಿ ಕಿರುಗುಟ್ಟುತ್ತದೆ, ಹಳಿಯೂ ಸವೆಯುತ್ತದೆ. ಎರಡು ಕಾಗದದ ಲೋಟಗಳನ್ನು ಬಾಯಿಗೆ ಬಾಯಿ ಅಂಟಿಸಿ, ಎರಡು ಕೋಲುಗಳ ಮೇಲೆ ಉರುಳಿಸಿ. ಅದು ತಾನಾಗಿಯೇ ನಡುವಿಗೆ ಬರುವುದನ್ನು ಕಾಣುವಿರಿ.

ಎಂಜಿನ್ನಿನ ಬಲ ಎರಡೂ ಗಾಲಿಗಳಿಗೆ ಹೋಗಬೇಕು, ಆದರೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಈ ಕಗ್ಗಂಟನ್ನು ಬಿಡಿಸುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಗೆ ಫ್ರಾನ್ಸಿನ ಗಡಿಯಾರ ತಯಾರಕ ಪೆಕ್ಯೂರ್ 1828ರಲ್ಲಿ ಪೇಟೆಂಟ್ ಪಡೆದ. ಟ್ರ್ಯಾಕ್ಟರಿನಲ್ಲೂ ಇದು ಇದೆ. ಆದರೆ ಒಂದು ಗಾಲಿ ಕೆಸರಿನಲ್ಲಿ ಹೂತರೆ ಬಲವೆಲ್ಲ ಅಲ್ಲೇ ವ್ಯರ್ಥವಾಗುತ್ತದೆ. ಆಗ ರೈತ ‘ಡಿಫರೆನ್ಷಿಯಲ್ ಲಾಕ್’ ಒತ್ತುತ್ತಾನೆ. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಕಟ್ಟಿದಂತಾಗುತ್ತವೆ.

ಸ್ಪೋರ್ಟ್ಸ್ ಕ್ವಾಡ್ ಬೈಕಿನಲ್ಲಿ ಈ ಬೀಗ ಸದಾ ಹಾಕಿದಂತೆಯೇ ಇರುತ್ತದೆ. ಹೋಂಡಾ 1970ರಲ್ಲಿ ಮೂರು ಗಾಲಿಯ ಯುಎಸ್90 ತಂದಿತು. 1980ರ ದಶಕದ ಆರಂಭದಲ್ಲಿ ಸುಜುಕಿ ನಾಲ್ಕು ಗಾಲಿಯ ಬಂಡಿಯನ್ನೂ, 1985ರಲ್ಲಿ ಸ್ಪರ್ಧೆಗೆಂದೇ ‘ಕ್ವಾಡ್‌ರೇಸರ್’ ಅನ್ನೂ ಹೊರತಂದಿತು. ಇಂಥ ಕ್ವಾಡ್‌ಗಳಲ್ಲಿ ಚೈನು ತಿರುಗಿಸುವ ಹಿಂದಿನ ಅಚ್ಚು ಒಂದೇ ತುಂಡು, ಡಿಫರೆನ್ಷಿಯಲ್ ಇಲ್ಲ. ಹಗುರ, ಸರಳ, ಗಟ್ಟಿ. ಮರಳಿನಲ್ಲಿ ತಿರುಗಿದಾಗ ಒಂದು ಗಾಲಿ ಸುಲಭವಾಗಿ ಜಾರುತ್ತದೆ, ಲೆಕ್ಕ ಸರಿಹೋಗುತ್ತದೆ. ಡಾಂಬರು ಮಾತ್ರ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಆಗ ಅಚ್ಚು ತಿರುಚಿಕೊಳ್ಳುತ್ತದೆ. ಚೈನು, ಅದರ ಹಲ್ಲುಚಕ್ರ, ಬೇರಿಂಗುಗಳ ಮೇಲೆ ಹೊರೆ ಬೀಳುತ್ತದೆ. ಕಡಿಮೆ ಗಾಳಿಯ, ಮೆತ್ತನೆಯ ಗುಬುಟು ಟೈರು ಬಾಗಿ ಬಿಸಿಯಾಗಿ ಸವೆಯುತ್ತದೆ. ನುಣುಪು ಟೈರು ಹಾಕಿದರೆ ಹಿಡಿತ ಇನ್ನೂ ಹೆಚ್ಚಿ, ಅಚ್ಚಿನ ಹೊರೆಯೂ ಹೆಚ್ಚುತ್ತದೆ.

ಸವೆತಕ್ಕಿಂತ ದೊಡ್ಡ ಸಂಗತಿ ಜೀವದ್ದು. ಬಿಗಿದ ಅಚ್ಚು ವಾಹನವನ್ನು ನೇರಕ್ಕೇ ನೂಕುತ್ತದೆ. ಹ್ಯಾಂಡಲ್ ತಿರುಗಿಸಿದರೂ ತಿರುಗಲು ಒಲ್ಲದು. ಬಲವಂತವಾಗಿ ತಿರುಗಿಸಿದರೆ, ಜಾರಬೇಕಾದ ಗಾಲಿ ಜಾರದೆ, ಗುರುತ್ವ ಕೇಂದ್ರ ಎತ್ತರದಲ್ಲಿರುವ ಕ್ವಾಡ್ ಮಗುಚಬಹುದು. ಟ್ರ್ಯಾಕ್ಟರಿಗೂ ಇದೇ ಪಾಠ: ಹೊಲದ ಕೆಸರಿನಲ್ಲಿ ಹಾಕಿದ ಲಾಕನ್ನು ಬಿಡದೆ ರಸ್ತೆಗೆ ಬಂದು ತಿರುಗಿಸಿದರೆ ಗಿಯರಿನ ಹಲ್ಲು ಮುರಿಯಬಹುದು, ಟ್ರ್ಯಾಕ್ಟರ್ ಹಿಡಿತಕ್ಕೆ ಸಿಗದೆ ಹೋಗಬಹುದು.

ಶಿಕ್ಷಕರೇ, ಘರ್ಷಣೆಯ ಪಾಠ ಮಾಡುವಾಗ ಮಕ್ಕಳನ್ನು ಒಂದು ಹಳೆಯ ಬಂಡಿಯ ಬಳಿಗೂ ಒಂದು ಟ್ರ್ಯಾಕ್ಟರಿನ ಬಳಿಗೂ ಕರೆದೊಯ್ಯಿರಿ. ಜಾರುವುದು ಯಾವಾಗಲೂ ದೋಷವಲ್ಲ, ಹಿಡಿತ ಯಾವಾಗಲೂ ಗುಣವಲ್ಲ ಎಂಬುದನ್ನು ಅವರೇ ಕಂಡುಕೊಳ್ಳಲಿ. ಮನೆಗೆ ಹೋಗಿ, ‘ಅಪ್ಪಾ, ರಸ್ತೆಗೆ ಬರುವ ಮೊದಲು ಲಾಕ್ ಬಿಟ್ಟೆಯಾ?’ ಎಂದು ಒಬ್ಬ ಹುಡುಗ ಕೇಳಿದರೂ ಪಾಠ ಸಾರ್ಥಕ.